ಗಿಡದ ಕತ್ತರಿಯನ್ನು ವೈರಸ್ ಕಟ್ಟಿಹಾಕುವ ಬಗೆ

ತಾರಸಿಯ ಪಪ್ಪಾಯ ಗಿಡವನ್ನು ಹತ್ತಿರದಿಂದ ನೋಡಿ. ಎಲೆಯಲ್ಲಿ ಹಳದಿ ಮಚ್ಚೆ, ತುದಿಯ ಎಲೆಗಳು ದಾರದಂತೆ ಸಪೂರ, ಕಾಯಿಯ ಮೇಲೆ ಕಡುಹಸಿರು ಉಂಗುರ. ಇದು ವೈರಸ್ಸಿನಿಂದ ಬರುವ ಉಂಗುರ ಚುಕ್ಕೆ ನಂಜು ರೋಗ. ಗೊಬ್ಬರ ಸಾಲಲಿಲ್ಲವೆಂದು ಮತ್ತಷ್ಟು ಹಿಂಡಿ ಹಾಕುವವರನ್ನು ಬೆಂಗಳೂರಿನ ಬಡಾವಣೆಗಳಲ್ಲಿ ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಗಿಡ ಹಸಿದಿಲ್ಲ, ಕಾದಾಡಿ ಸೋತಿದೆ.

ಮೊದಲು ಗಿಡದ ವರಸೆ. ಈ ವೈರಸ್ಸಿನ ವಂಶವಾಹಿ ಆರ್‌ಎನ್‌ಎ. ಅದು ನಕಲಾಗುವಾಗ ಜೋಡಿ ಎಳೆ ಮೂಡುತ್ತದೆ. ಡೈಸರ್ ಎಂಬ ಕಿಣ್ವ ಅದನ್ನು 21ರಿಂದ 24 ಅಕ್ಷರಗಳ (ಆರ್‌ಎನ್‌ಎ ಎಳೆಯ ಬಿಡಿ ಘಟಕಗಳ) ತುಣುಕುಗಳಾಗಿ ಕತ್ತರಿಸುತ್ತದೆ. ಆರ್ಗೊನಾಟ್ ಎಂಬ ಪ್ರೋಟೀನು ಒಂದು ತುಣುಕನ್ನು ಗುರುತುಚೀಟಿಯಂತೆ ಹಿಡಿದು, ಅದಕ್ಕೆ ಹೊಂದುವ ವೈರಸ್ ಆರ್‌ಎನ್‌ಎಯನ್ನು ಹುಡುಕಿ ತುಂಡರಿಸುತ್ತದೆ. ಈ ಸುದ್ದಿ ಮೇಲಿನ ಎಲೆಗಳಿಗೂ ಮುಂಚಿತವಾಗಿ ತಲುಪುತ್ತದೆ. 1928ರಲ್ಲೇ ಅಮೆರಿಕದ ವರ್ಜೀನಿಯಾದಲ್ಲಿ, ಕೆಳಗಿನ ಎಲೆಗಳು ರೋಗದಿಂದ ಬೆಂದರೂ ಹೊಸ ಎಲೆಗಳು ಹಸನಾಗಿ ಬಂದ ತಂಬಾಕು ಗಿಡಗಳನ್ನು ದಾಖಲಿಸಿದ್ದರು.

ಈಗ ವೈರಸ್ಸಿನ ಪ್ರತಿವರಸೆ. ಪಪ್ಪಾಯ ವೈರಸ್ಸಿನ ಎಚ್‌ಸಿ-ಪ್ರೊ ಎಂಬ ಪ್ರೋಟೀನು ಆ ತುಣುಕುಗಳನ್ನೇ ಬಾಚಿಕೊಳ್ಳುತ್ತದೆ. ಚೀಟಿ ಸಿಗದ ಆರ್ಗೊನಾಟ್ ಕೈಕಟ್ಟಿ ಕೂರುತ್ತದೆ. ವೈರಸ್ಸು ಗಿಡಹೇನಿನ ಬಾಯಿಗೆ ಅಂಟಿಕೊಂಡು ಮುಂದಿನ ಗಿಡಕ್ಕೆ ಸಾಗುವುದೂ ಇದೇ ಪ್ರೋಟೀನಿನ ನೆರವಿನಿಂದ! ಟೊಮೆಟೊ ಬುಷಿ ಸ್ಟಂಟ್ ವೈರಸ್ಸಿನ ಪಿ19 ಇನ್ನೂ ಚೊಕ್ಕ ಕೆಲಸಗಾರ: ಗೇಣು ಹಾಕಿ ಅಳೆದಂತೆ 21 ಅಕ್ಷರಗಳ ಜೋಡಿ ತುಣುಕುಗಳನ್ನೇ ಆರಿಸಿ ಹಿಡಿಯುತ್ತದೆ. ಬೇರೆ ಕೆಲವು ವೈರಸ್‌ಗಳ ಪಿ0 ಪ್ರೋಟೀನು ತುಣುಕಿನ ಗೊಡವೆಗೇ ಹೋಗದೆ, ಆರ್ಗೊನಾಟನ್ನೇ ನಾಶಕ್ಕೆ ಗುರಿಮಾಡುತ್ತದೆ. ನಮ್ಮ ಊರಿನ ಹೆಸರು ಹೊತ್ತ 'ಟೊಮೆಟೊ ಲೀಫ್ ಕರ್ಲ್ ಬ್ಯಾಂಗಲೋರ್ ವೈರಸ್' ಡಿಎನ್‌ಎ ವೈರಸ್. ಬಿಳಿ ನೊಣ ಅದನ್ನು ಹೊತ್ತು ತರುತ್ತದೆ. ಅದರ ಬಳಗದವರಲ್ಲೂ ಇಂಥ ಆಯುಧಗಳಿವೆ.

ಎರಡು ವೈರಸ್ ಒಟ್ಟಿಗೆ ಹೊಕ್ಕರೆ ಗಿಡ ಥಟ್ಟನೆ ನೆಲಕಚ್ಚುವುದು ಏಕೆ? ಒಂದು ವೈರಸ್ ಗಿಡದ ಕತ್ತರಿಯನ್ನು ಕಟ್ಟಿಹಾಕಿದರೆ ಇನ್ನೊಂದಕ್ಕೂ ದಾರಿ ಸಲೀಸು.

ಗಿಡದ ಈ ಕತ್ತರಿಯಿಂದಲೇ ಕೆಲಸ ಮಾಡುವ ಮದ್ದೂ ಇದೆ. ಹವಾಯಿಯಲ್ಲಿ 1998ರಿಂದ ಬೆಳೆಯುತ್ತಿರುವ ರೇನ್‌ಬೋ ಪಪ್ಪಾಯದಲ್ಲಿ ವೈರಸ್ಸಿನದೇ ಒಂದು ವಂಶವಾಹಿಯನ್ನು ಮೊದಲೇ ಸೇರಿಸಿದ್ದಾರೆ. ಕತ್ತರಿ ಮುಂಚೆಯೇ ಸಜ್ಜಾಗಿರುವುದರಿಂದ ಎಚ್‌ಸಿ-ಪ್ರೊ ತಲೆಯೆತ್ತುವುದೇ ಕಷ್ಟ.

ನಿಮ್ಮ ತಾರಸಿಯ ಗಿಡಕ್ಕಾದರೋ ಔಷಧಿಯಿಲ್ಲ. ಗಿಡಹೇನು ಕೆಲವೇ ಕ್ಷಣಗಳಲ್ಲಿ ವೈರಸ್ಸನ್ನು ಹೀರಿಕೊಳ್ಳುತ್ತದೆ, ಸಿಂಪಡಣೆ ಅಷ್ಟು ಬೇಗ ಕೆಲಸ ಮಾಡದು. ರೋಗದ ಗಿಡವನ್ನು ಇಂದೇ ಕಿತ್ತು ಚೀಲದಲ್ಲಿ ಬಿಗಿದು ಕಟ್ಟಿ. ಪಕ್ಕದ ಕುಂಡದಲ್ಲಿ ಸೌತೆ, ಕುಂಬಳ ಬಳ್ಳಿಗಳಿದ್ದರೆ ಅವುಗಳ ಎಲೆಗಳನ್ನೂ ತಿರುಗಿಸಿ, ಗಿಡಹೇನು ಕೂತಿದೆಯೇ ನೋಡಿ.