ಮೇಷ್ಟ್ರ ಕಂಪ್ಯೂಟರಿನಲ್ಲಿ ಕನ್ನಡಕ್ಕೆ ಜಾಗ ಹುಡುಕಿದ್ದು: ನನ್ನ ಅನುಭವ

ದಾವಣಗೆರೆಯಲ್ಲಿ ಡಿಟಿಪಿ ಮತ್ತು ಕಂಪ್ಯೂಟರ್ ದುರಸ್ತಿಯ ಕೆಲಸ ಮಾಡಿಕೊಂಡಿರುವ ನನಗೆ 2024ರಲ್ಲಿ ಚಿತ್ರದುರ್ಗದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಒಂದು ಕೆಲಸ ಒಪ್ಪಿಸಿದರು. ತಮ್ಮಲ್ಲಿದ್ದ ಹಳೆಯ ಮುದ್ರಿತ ಪುಸ್ತಿಕೆಗಳನ್ನು ಸ್ಕ್ಯಾನ್ ಮಾಡಿ, ಪುಟದ ಚಿತ್ರದಿಂದ ಅಕ್ಷರಗಳನ್ನು ಬಿಡಿಸಿ, ತಿದ್ದಲು ಬರುವಂಥ ಪಠ್ಯವಾಗಿಸಬೇಕು, ಅದೂ ಮನೆಯಲ್ಲಿದ್ದ ಹಳೆಯ ಕಂಪ್ಯೂಟರಿನಲ್ಲೇ ಆಗಬೇಕು ಎಂಬುದು ಅವರ ಆಸೆಯಾಗಿತ್ತು. ಅವರ ಮನೆಗೆ ಇಂಟರ್‌ನೆಟ್ ಇರಲಿಲ್ಲವಾದ್ದರಿಂದ ಡೆಬಿಯನ್ 12 ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಡಿವಿಡಿ ಇಮೇಜನ್ನು ಪೆನ್‌ಡ್ರೈವಿಗೆ ಬರೆದುಕೊಂಡು ಹೋಗಿ, ನೆಟ್‌ವರ್ಕ್ ಮಿರರ್ (ತಂತ್ರಾಂಶಗಳನ್ನು ಇಂಟರ್‌ನೆಟ್ಟಿನಿಂದ ತರುವ ತಾಣ) ಬೇಕೇ ಎಂದು ಇನ್‌ಸ್ಟಾಲರ್ ಕೇಳಿದಾಗ ಬೇಡವೆಂದು ಹೇಳಿ ಮುಂದುವರಿದೆ. ಮುಂದಿನ ತೊಡಕಿಗೆ ಆ ಒಂದು ಉತ್ತರವೇ ಕಾರಣ ಎಂಬುದು ಆಗ ಹೊಳೆಯಲಿಲ್ಲ.

ಆಮೇಲೆ ನನ್ನ ಮೊಬೈಲನ್ನು ಕೇಬಲ್ಲಿನಿಂದ ಜೋಡಿಸಿ, ಅದರ ಡೇಟಾ ಬಳಸಿ, ಚಿತ್ರದಿಂದ ಅಕ್ಷರ ಬಿಡಿಸುವ ಟೆಸರಾಕ್ಟ್ ತಂತ್ರಾಂಶದ ಕನ್ನಡ ಪ್ಯಾಕೇಜನ್ನು (ತಂತ್ರಾಂಶದ ಕಟ್ಟನ್ನು) ಹಾಕಲು ಹೊರಟಾಗ 'ಅನೇಬಲ್ ಟು ಲೊಕೇಟ್ ಪ್ಯಾಕೇಜ್', ಅಂದರೆ ಪ್ಯಾಕೇಜ್ ಸಿಗುತ್ತಿಲ್ಲ, ಎಂಬ ಸಾಲು ಬಂತು. ಪಕ್ಕದಲ್ಲಿ ಕುಳಿತು ಪರದೆಯನ್ನೇ ನೋಡುತ್ತಿದ್ದ ಮೇಷ್ಟ್ರು, "ಕನ್ನಡಕ್ಕೆ ಇದರಲ್ಲಿ ಜಾಗ ಇಲ್ಲ ಅಂತಾಯ್ತಲ್ಲಪ್ಪ" ಎಂದರು. "ಜಾಗ ಇದೆ ಮೇಷ್ಟ್ರೇ, ಎಲ್ಲಿದೆ ಅಂತ ಇದಕ್ಕೆ ಗೊತ್ತಿಲ್ಲ ಅಷ್ಟೆ" ಎಂದೆ.

ಆ ಸಂದೇಶದ ನಿಜವಾದ ಅರ್ಥವೂ ಅದೇ. ಡೆಬಿಯನ್ನಿನಲ್ಲಿ ಪ್ಯಾಕೇಜುಗಳನ್ನು ತಂದು ಹಾಕುವ ಆಪ್ಟ್ ಎಂಬ ಸಾಧನವು ಇಡೀ ಇಂಟರ್‌ನೆಟ್ಟನ್ನು ಹುಡುಕುವುದಿಲ್ಲ; ಸೋರ್ಸಸ್ ಲಿಸ್ಟ್ ಕಡತದಲ್ಲಿ ಹೆಸರಿಸಿರುವ ರೆಪಾಸಿಟರಿಗಳಿಂದ, ಅಂದರೆ ತಂತ್ರಾಂಶ ಭಂಡಾರಗಳಿಂದ, ಕೊನೆಯ ಸಲ ಇಳಿಸಿಕೊಂಡ ಪಟ್ಟಿಗಳನ್ನು ಮಾತ್ರ ನೋಡುತ್ತದೆ. ಕಡತವನ್ನು ತೆರೆದರೆ ಅಲ್ಲಿ ಸಿಡಿರಾಮ್ ಎಂಬ ಪದವಿರುವ, ಪೆನ್‌ಡ್ರೈವನ್ನೇ ಭಂಡಾರವೆಂದು ತೋರಿಸುವ ಸಾಲಿತ್ತೇ ಹೊರತು ಡೆಬಿಯನ್ನಿನ ಮುಖ್ಯ ಭಂಡಾರದ ವಿಳಾಸವೇ ಇರಲಿಲ್ಲ. ಆ ಸಾಲಿನ ಮುಂದೆ ಹ್ಯಾಶ್ ಚಿಹ್ನೆ ಹಾಕಿ ಅದನ್ನು ನಿಲ್ಲಿಸಿ, ಮುಖ್ಯ ಭಂಡಾರ, ಭದ್ರತಾ ತಿದ್ದುಪಡಿ, ಸಾಮಾನ್ಯ ತಿದ್ದುಪಡಿ ಹೀಗೆ ಮೂರಕ್ಕೂ ಒಂದೊಂದು ಸಾಲು ಬರೆದೆ. ಮೂರರಲ್ಲೂ ಆಯಾ ಹೊತ್ತಿನ ಸ್ಥಿರ ಆವೃತ್ತಿಯನ್ನು ಸೂಚಿಸುವ 'ಸ್ಟೇಬಲ್' ಎಂದು ಬರೆಯದೆ ಆವೃತ್ತಿಯ ಹೆಸರಾದ 'ಬುಕ್‌ವರ್ಮ್' ಅನ್ನೇ ಬರೆದದ್ದು ಬೇಕೆಂದೇ. ಸ್ಟೇಬಲ್ ಎಂದಿದ್ದರೆ, ಹೊಸ ಆವೃತ್ತಿ ಬಿಡುಗಡೆಯಾದ ಮೇಲೆ ಮಾಡುವ ಮಾಮೂಲಿ ಅಪ್‌ಗ್ರೇಡ್ ಕೂಡ ಇಡೀ ವ್ಯವಸ್ಥೆಯನ್ನು ಅತ್ತ ಎಳೆಯುತ್ತಿತ್ತು. ಕಡತವನ್ನು ಉಳಿಸಿ, ಮರೆಯದೆ ಪಟ್ಟಿಗಳನ್ನು ಹೊಸದಾಗಿ ಇಳಿಸುವ ಆಪ್ಟ್ ಅಪ್‌ಡೇಟ್ ಆಜ್ಞೆ ಕೊಟ್ಟು, ಮತ್ತೆ ಕೇಳಿದಾಗ ಪ್ಯಾಕೇಜ್ ಬಂತು. ಟೆಸರಾಕ್ಟಿಗೆ ತಿಳಿದ ಭಾಷೆಗಳ ಪಟ್ಟಿಯಲ್ಲಿ ಇಂಗ್ಲಿಷಿನ ಜೊತೆಗೆ ಕನ್ನಡದ ಮೂರಕ್ಷರದ ಸಂಕೇತ ಕಂಡಾಗ ಮೇಷ್ಟ್ರು ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿದರು.

ಗುಬ್ಬಿ ಮತ್ತು ನವಿಲು ಎಂಬ ಕನ್ನಡ ಫಾಂಟುಗಳೂ ಮುಖ್ಯ ಭಂಡಾರದ ಅದೇ 'ಮೇನ್' ವಿಭಾಗದಲ್ಲಿ, ಅಂದರೆ ಮುಕ್ತ ತಂತ್ರಾಂಶಗಳ ವಿಭಾಗದಲ್ಲಿ, ದೊರೆತವು.

ಮುಂದಿನ ಪ್ರಶ್ನೆ ಅವರ ಹಳೆಯ ಪತ್ರಗಳದು. ಅವುಗಳಲ್ಲಿ ಟೈಮ್ಸ್ ನ್ಯೂ ರೋಮನ್ ಫಾಂಟ್ ಇದ್ದು, ಈ ಯಂತ್ರದಲ್ಲಿ ಅದು ಇಲ್ಲದ್ದರಿಂದ ಸಾಲುಗಳು ಬೇರೆ ಬೇರೆ ಕಡೆ ಒಡೆಯುತ್ತಿದ್ದವು. ಮೈಕ್ರೋಸಾಫ್ಟ್ ಫಾಂಟುಗಳನ್ನು ತಂದುಕೊಡುವ ಪ್ಯಾಕೇಜ್ ಇರುವುದು 'ಕಾಂಟ್ರಿಬ್' ವಿಭಾಗದಲ್ಲಿ. ಆ ಪ್ಯಾಕೇಜ್ ತಾನು ಮುಕ್ತವಾದರೂ ಮುಕ್ತವಲ್ಲದ ಸರಕನ್ನು ನೆಚ್ಚಿಕೊಂಡಿದೆ ಎಂಬುದೇ ಹೀಗೆ ಪ್ರತ್ಯೇಕವಾಗಿ ಇಡಲು ಕಾರಣ. ಆದ್ದರಿಂದ ಮೇನ್ ಪಕ್ಕದಲ್ಲಿ ಕಾಂಟ್ರಿಬ್ ಎಂಬ ಪದವನ್ನು ಸೇರಿಸಿದೆ. ಡೆಬಿಯನ್ 12ರಿಂದ ವೈಫೈ ಮೊದಲಾದವುಗಳ ಫರ್ಮ್‌ವೇರ್‌ಗಳಿಗೆ (ಯಂತ್ರದ ಭಾಗಗಳನ್ನು ನಡೆಸುವ ತಂತ್ರಾಂಶಗಳಿಗೆ) 'ನಾನ್‌ಫ್ರೀ ಫರ್ಮ್‌ವೇರ್' ಎಂಬ ಬೇರೆಯೇ ವಿಭಾಗವಾಗಿರುವುದರಿಂದ, ಅಷ್ಟಕ್ಕಾಗಿ ಮುಕ್ತವಲ್ಲದ ತಂತ್ರಾಂಶಗಳ ಇಡೀ ನಾನ್‌ಫ್ರೀ ವಿಭಾಗವನ್ನು ತೆರೆಯಬೇಕಾಗಿಲ್ಲ. ಆರ್‌ಎಆರ್ ಎಂಬ ಒತ್ತಿ ಕಟ್ಟಿದ ಕಡತ ಬಿಚ್ಚಲು ನಾನ್‌ಫ್ರೀ ಬೇಕೇಬೇಕೆಂದು ಹಲವರು ತಿಳಿದಿದ್ದಾರೆ. ಅಲ್ಲಿ ಅದಕ್ಕೆಂದೇ ಅನ್‌ರಾರ್ ಎಂಬ ಪ್ಯಾಕೇಜ್ ಇದೆ ನಿಜ, ಆದರೆ ಮೇನ್‌ನಲ್ಲೇ ಇರುವ 'ಯುಎನ್‌ಎಆರ್' ಎಂಬ ಪ್ಯಾಕೇಜ್ ನಮ್ಮ ಕೆಲಸಕ್ಕೆ ಸಾಕಾಯಿತು. ಬೇಕಾದ ಬಾಗಿಲನ್ನಷ್ಟೇ ತೆರೆಯಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ನಾನು ಬೆಲೆ ತೆತ್ತಿದ್ದೇನೆ. ಅದಕ್ಕೂ ಹಿಂದಿನ ವರ್ಷ ನನ್ನ ಅಂಗಡಿಯ ಯಂತ್ರದಲ್ಲಿ ಒಂದೇ ಒಂದು ತಂತ್ರಾಂಶದ ಹೊಸ ಆವೃತ್ತಿಗಾಗಿ, ಇನ್ನೂ ಪಕ್ವವಾಗದ 'ಸಿಡ್' ಭಂಡಾರದ ಸಾಲನ್ನು ಸ್ಟೇಬಲ್ ಜೊತೆಗೆ ಬೆರೆಸಿದ್ದೆ. ಅದು ತನ್ನ ಅವಲಂಬನೆಯಾದ, ಬಹುತೇಕ ಎಲ್ಲ ತಂತ್ರಾಂಶಗಳೂ ನೆಚ್ಚಿಕೊಂಡಿರುವ ಲಿಬ್‌ಸಿ ಎಂಬ ಮೂಲಭಾಗವನ್ನೇ ಬದಲಿಸಿತು, ಅದರ ಹಿಂದೆ ಹತ್ತಾರು ಪ್ಯಾಕೇಜುಗಳು ಬದಲಾದವು, ಕೊನೆಗೆ ಡೆಸ್ಕ್‌ಟಾಪ್ ತೆರೆಯಲಿಲ್ಲ. ಮುಂದೆ ಹೋದ ಆವೃತ್ತಿಯನ್ನು ಹಿಂದಕ್ಕೆ ತರುವುದಕ್ಕೆ ಡೆಬಿಯನ್ನಿನಲ್ಲಿ ಅಧಿಕೃತ ಬೆಂಬಲವಿಲ್ಲವಾದ್ದರಿಂದ ಎಲ್ಲವನ್ನೂ ಅಳಿಸಿ ಮತ್ತೆ ಹಾಕಬೇಕಾಯಿತು. ಈಗ ಹೊಸ ಆವೃತ್ತಿ ಬೇಕಾದರೆ 'ಬ್ಯಾಕ್‌ಪೋರ್ಟ್ಸ್' ಭಂಡಾರವನ್ನು ಸೇರಿಸುತ್ತೇನೆ. ಅದನ್ನು ಸ್ಟೇಬಲ್ ವ್ಯವಸ್ಥೆಗೆಂದೇ ಕಟ್ಟಿರುತ್ತಾರೆ. ಹೆಸರು ಹೇಳಿ ಕೇಳಿದ ಹೊರತು ಅದರ ಪ್ಯಾಕೇಜ್ ತಾನಾಗಿ ನಮ್ಮದರ ಮೇಲೆ ಬಂದು ಕೂರುವುದಿಲ್ಲ. ಯಾವ ಪ್ಯಾಕೇಜ್ ಎಲ್ಲಿಂದ ಬರಲಿದೆ ಎಂಬುದನ್ನು 'ಆಪ್ಟ್ ಪಾಲಿಸಿ' ಕೊಟ್ಟು ನೋಡದೆ ಇನ್‌ಸ್ಟಾಲ್ ಒತ್ತುವ ರೂಢಿಯನ್ನು ಅಂದಿನಿಂದ ಬಿಟ್ಟಿದ್ದೇನೆ. ಹೊರಗಿನವರ ಭಂಡಾರವನ್ನು ಸೇರಿಸಲೇಬೇಕಾದಾಗ ಪ್ಯಾಕೇಜ್ ಅವರದೇ ಎಂದು ಖಾತ್ರಿಪಡಿಸುವ ಸಹಿಯ ಕೀಲಿಯನ್ನು ಕೀರಿಂಗ್ಸ್ ಫೋಲ್ಡರಿನಲ್ಲಿಟ್ಟು, 'ಸೈನ್ಡ್ ಬೈ' ಮೂಲಕ ಆ ಒಂದು ಭಂಡಾರಕ್ಕೆ ಮಾತ್ರ ಕಟ್ಟಿಹಾಕುತ್ತೇನೆ.

2025ರ ಆಗಸ್ಟ್ 9ರಂದು ಡೆಬಿಯನ್ 13 ಬಿಡುಗಡೆಯಾದಾಗ ಮೇಷ್ಟ್ರ ಯಂತ್ರ ಅಲುಗಾಡಲಿಲ್ಲ. ಅವರು ಎಂದಿನಂತೆ 300 ಡಿಪಿಐನಲ್ಲಿ ಸ್ಕ್ಯಾನ್ ಮಾಡುತ್ತಾ, ಮಸಿ ಮಾಸಿದ ಕಡೆ ಟೆಸರಾಕ್ಟ್ ತಪ್ಪಾಗಿ ಓದಿದ ಒತ್ತಕ್ಷರಗಳನ್ನು ಕೈಯಿಂದ ತಿದ್ದುತ್ತಾ ಇದ್ದರು. ಇರುವ ಪುಸ್ತಿಕೆಗಳೆಲ್ಲ ಮುಗಿದ ಮೇಲೆ, ಎಲ್ಲದರ ಪ್ರತಿ ತೆಗೆದಿಟ್ಟು, ಆ ಮೂರು ಸಾಲುಗಳಲ್ಲಿ ಬುಕ್‌ವರ್ಮ್ ಎಂಬ ಪದದ ಜಾಗದಲ್ಲಿ ಹೊಸ ಆವೃತ್ತಿಯ ಹೆಸರನ್ನು ಬರೆಯೋಣವೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.