‘ರ‍್ಯಾಂಕ್’ ಕೆಟ್ಟರೆ ಯಾರಿಗೆ ಹೇಳಬೇಕು: ಫೋನ್‌ನ ತಂತ್ರಾಂಶ ದೋಷವನ್ನು ವರದಿ ಮಾಡುವ ಕ್ರಮ

ಫೋನ್‌ನಲ್ಲಿ ದಿನವೂ ಕನ್ನಡ ಬರೆಯುವವರಿಗೆ ‘ರ‍್ಯಾಂಕ್’ ಎಂಬ ಪದ ಕೊಡುವ ಕಾಟ ಹೊಸದೇನಲ್ಲ. ರಕಾರಕ್ಕೆ ಯ ಒತ್ತು ಬರಬೇಕಾದ ಕಡೆ ಯಕಾರವೇ ಮುಂದಾಗಿ, ಅದರ ಬಲಕ್ಕೆ ಅರ್ಕಾವತ್ತು ಕುಳಿತು, ಪದ ‘ರ್ಯಾಂಕ್’ ಎಂದಾಗಿಬಿಡುತ್ತದೆ. ಒಂದು ಆ್ಯಪ್‌ನಲ್ಲಿ ಸರಿಯಾಗಿ ಟೈಪ್ ಮಾಡಿದ್ದು ಇನ್ನೊಂದಕ್ಕೆ ಅಂಟಿಸುವಷ್ಟರಲ್ಲಿ ಹೀಗೆ ಕೆಟ್ಟಿರುವುದೂ ಉಂಟು. ‘ಫೋನಿಗೆ ಕನ್ನಡ ಬರೋದಿಲ್ಲ’ ಎಂದು ಗೊಣಗಿ ಕೈಬಿಡುವವರೇ ಹೆಚ್ಚು. ಆ ಗೊಣಗಾಟವನ್ನು ದುರಸ್ತಿ ಮಾಡಬಲ್ಲವರಿಗೆ ಮುಟ್ಟಿಸುವುದು ಹೇಗೆಂಬುದನ್ನು ಇದೇ ಪದವನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ. ಹೆಚ್ಚಿನ ಮಾತು ಆಂಡ್ರಾಯ್ಡ್ ಕುರಿತದ್ದು. ಐಫೋನ್‌ನ ಕ್ರಮವನ್ನು ಅದು ಬೇರೆಯಾಗುವ ಮಟ್ಟಿಗೆ ಮಾತ್ರ ಹೇಳುತ್ತೇನೆ.

ಬರೆಯಲು ಕೂರುವ ಮೊದಲೇ ಒಂದು ಸಂಗತಿಯನ್ನು ಒಪ್ಪಿಕೊಂಡಿರಬೇಕು: ವರದಿಯನ್ನು ಓದುವ ಎಂಜಿನಿಯರ್‌ಗೆ ಬಹುಮಟ್ಟಿಗೆ ಕನ್ನಡ ಬರುವುದಿಲ್ಲ. ಸರಿಯಾದ ‘ರ‍್ಯಾ’ ಮತ್ತು ಕೆಟ್ಟ ‘ರ್ಯಾ’ ಎರಡನ್ನೂ ಪಕ್ಕಪಕ್ಕ ಇಟ್ಟರೂ ಯಾವುದು ತಪ್ಪೆಂದು ಅವರಿಗೆ ತಾವಾಗಿಯೇ ಹೊಳೆಯುವುದಿಲ್ಲ. ಆದ್ದರಿಂದ ಪರದೆಯ ಮೇಲೆ ಏನು ಕಂಡಿತು ಎನ್ನುವುದರ ಜೊತೆಗೆ ಏನು ಕಾಣಬೇಕಿತ್ತು, ಅದೇ ಸರಿ ಎನ್ನಲು ಆಧಾರವೇನು ಎಂಬುದನ್ನೂ ವರದಿಯೇ ಹೇಳಬೇಕು. ನಿಮಗೆ ಒಂದು ಪ್ರಶ್ನೆಯನ್ನೂ ಹಾಕದೆ ಅವರು ತಮ್ಮ ಕೈಯಲ್ಲಿರುವ ಫೋನ್‌ನಲ್ಲಿ ಅದೇ ತಪ್ಪನ್ನು ಮತ್ತೆ ಬರಿಸಿಕೊಳ್ಳುವಂತಿರಬೇಕು. ಮುಂದೆ ಹೇಳುವ ಎಲ್ಲ ಹೆಜ್ಜೆಗಳೂ ಈ ಒಂದು ಉದ್ದೇಶಕ್ಕಾಗಿಯೇ ಇರುವಂಥವು.

ಮೊದಲ ಕೆಲಸ, ದೋಷ ಯಾರದ್ದೆಂದು ಪತ್ತೆಮಾಡುವುದು. ಪರದೆಯ ಮೇಲೆ ಒಂದು ಕನ್ನಡ ಅಕ್ಷರ ಮೂಡುವಷ್ಟರಲ್ಲಿ ಅದು ನಾಲ್ಕೈದು ಕೈ ದಾಟಿ ಬಂದಿರುತ್ತದೆ. ಕೀಬೋರ್ಡ್ ಆ್ಯಪ್ ಯೂನಿಕೋಡ್ ಸಂಕೇತಗಳನ್ನು, ಅಂದರೆ ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಗೊತ್ತುಮಾಡಿರುವ ಸಂಖ್ಯೆಗಳನ್ನು, ಕಳಿಸುತ್ತದೆ. ನೀವು ಬರೆಯುತ್ತಿರುವ ಆ್ಯಪ್ ಅವನ್ನು ಇಟ್ಟುಕೊಳ್ಳುತ್ತದೆ. ಯಾವ ವ್ಯಂಜನ ಒತ್ತಾಗಬೇಕು, ಅರ್ಕಾವತ್ತು ಎಲ್ಲಿ ಕೂರಬೇಕು ಎಂಬುದನ್ನು ಆಂಡ್ರಾಯ್ಡ್‌ನೊಳಗಿರುವ ಹಾರ್ಫ್‌ಬಜ್ ಎಂಬ ಲೈಬ್ರರಿ (ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ತಂತ್ರಾಂಶ) ತೀರ್ಮಾನಿಸುತ್ತದೆ. ನೋಟೋ ಸಾನ್ಸ್ ಕನ್ನಡದಂಥ ಫಾಂಟ್ ಅದಕ್ಕೆ ಆಕಾರ ಕೊಡುತ್ತದೆ. ಇದರ ಮೇಲೆ ಫೋನ್ ತಯಾರಿಸಿದ ಕಂಪನಿ ತನ್ನದೇ ಫಾಂಟನ್ನು ಸೇರಿಸಿರುವುದೂ ಉಂಟು. ಕೀಬೋರ್ಡ್‌ನ ತಪ್ಪನ್ನು ಆಂಡ್ರಾಯ್ಡ್ ತಂಡಕ್ಕೆ ಬರೆಯುವುದೆಂದರೆ ಜಲಮಂಡಳಿಗೆ ಕೊಡಬೇಕಾದ ಅರ್ಜಿಯನ್ನು ಬೆಸ್ಕಾಂ ಕೌಂಟರ್‌ನಲ್ಲಿ ಕೊಟ್ಟಂತೆ. ಅರ್ಜಿಯಲ್ಲಿ ತಪ್ಪೇನೂ ಇಲ್ಲದಿದ್ದರೂ ಕೆಲಸ ಆಗುವುದಿಲ್ಲ.

ನಮ್ಮ ಪದದ ಮಟ್ಟಿಗೆ ಪತ್ತೆಯ ದಾರಿ ಸುಲಭವಾಗಿದೆ. ರಕಾರ, ಹಲಂತ, ಯಕಾರ ಇವಿಷ್ಟೇ ಸಾಲಾಗಿ ಬಂದರೆ ಅರ್ಕಾವತ್ತು ಮೂಡುವುದೇ ನಿಯಮ. ‘ಸೂರ್ಯ’, ‘ಕಾರ್ಯ’ಗಳಲ್ಲಿ ನಮಗೆ ಬೇಕಾಗಿರುವುದೂ ಅದೇ. ‘ರ‍್ಯಾಂಕ್’ ಬೇಕೆಂದರೆ ರಕಾರಕ್ಕೂ ಹಲಂತಕ್ಕೂ ನಡುವೆ ಜೀರೋ ವಿಡ್ತ್ ಜಾಯ್ನರ್ ಎಂಬ, ಕಣ್ಣಿಗೆ ಕಾಣದ ಸಂಕೇತವೊಂದು ಇರಲೇಬೇಕು. ಹೀಗಾಗಿ ಸರಿಯಾಗಿ ಬರೆದ ‘ರ‍್ಯಾಂಕ್’ನಲ್ಲಿ ರ, ಜಾಯ್ನರ್, ಹಲಂತ, ಯ, ಆಕಾರದ ಗುಣಿತ ಚಿಹ್ನೆ, ಅನುಸ್ವಾರ, ಕ, ಹಲಂತ ಎಂದು ಒಟ್ಟು 8 ಸಂಕೇತಗಳಿರುತ್ತವೆ. ಪಠ್ಯವನ್ನು ಬಿಡಿಬಿಡಿಯಾಗಿ ಒಡೆದು ತೋರಿಸುವ ಯಾವುದಾದರೂ ಯೂನಿಕೋಡ್ ಪರಿಶೀಲಕದಲ್ಲಿ ಪದವನ್ನು ಅಂಟಿಸಿ ನೋಡಿ. ಟೈಪ್ ಮಾಡಿದ ಕೂಡಲೇ 7 ಸಂಕೇತಗಳಷ್ಟೇ ಇದ್ದರೆ ಕೀಬೋರ್ಡ್ ಜಾಯ್ನರನ್ನು ಕಳಿಸಿಯೇ ಇಲ್ಲ. ಮೊದಲು 8 ಇದ್ದು, ಒಂದು ಆ್ಯಪ್‌ಗೆ ಅಂಟಿಸಿ ಮತ್ತೆ ನಕಲು ಮಾಡಿದಾಗ 7 ಆಗಿದ್ದರೆ ಆ ಆ್ಯಪ್ ಅದನ್ನು ನುಂಗಿದೆ. 8 ಸಂಕೇತಗಳೂ ಇದ್ದು, ಎಲ್ಲ ಆ್ಯಪ್‌ಗಳಲ್ಲೂ ತಪ್ಪಾಗಿಯೇ ಕಾಣುತ್ತಿದ್ದರೆ ಮಾತ್ರ ಅಕ್ಷರ ಮೂಡಿಸುವ ವ್ಯವಸ್ಥೆಯನ್ನೋ ಫಾಂಟನ್ನೋ ಅನುಮಾನಿಸಬೇಕು. ಆಗ ಬೇರೆ ಕಂಪನಿಯ ಫೋನ್‌ನಲ್ಲೂ ನೋಡಿ. ಅಲ್ಲಿ ಸರಿಯಿದ್ದರೆ ದೂರು ಹೋಗಬೇಕಾದದ್ದು ನಿಮ್ಮ ಫೋನ್ ತಯಾರಿಸಿದವರಿಗೆ. ಇಷ್ಟಕ್ಕೆಲ್ಲ ಹತ್ತು ನಿಮಿಷಕ್ಕಿಂತ ಹೆಚ್ಚು ಹಿಡಿಯುವುದಿಲ್ಲ, ಮತ್ತು ನನ್ನ ಪ್ರಕಾರ ಇಡೀ ಕೆಲಸದಲ್ಲಿ ಬೆಲೆಬಾಳುವ ಹತ್ತು ನಿಮಿಷಗಳು ಇವೇ.

ಆ್ಯಪ್‌ನ ತಪ್ಪಾದರೆ ಪ್ಲೇ ಸ್ಟೋರ್‌ನ ಆ ಆ್ಯಪ್‌ನ ಪುಟದಲ್ಲಿ ಡೆವಲಪರ್‌ರ ಸಂಪರ್ಕ ವಿಳಾಸ ಸಿಗುತ್ತದೆ. ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ದೋಷ ತಿಳಿಸಲು ಸ್ಯಾಮ್‌ಸಂಗ್ ಮೆಂಬರ್ಸ್ ಎಂಬ ಆ್ಯಪ್ ಇದೆ. ತಿಂಗಳ ಹೆಸರು, ದಿನಾಂಕ ಬರೆಯುವ ಕ್ರಮ, ದೇಶಗಳ ಹೆಸರು ಇಂಥವು ಕನ್ನಡದಲ್ಲಿ ತಪ್ಪಾಗಿದ್ದರೆ ಅವುಗಳ ಮೂಲ ಬಹುತೇಕ ಯೂನಿಕೋಡ್ ಒಕ್ಕೂಟದ ಸಿಎಲ್‌ಡಿಆರ್ ಎಂಬ ದತ್ತಾಂಶದಲ್ಲಿರುತ್ತದೆ. ಆಂಡ್ರಾಯ್ಡ್, ಐಫೋನ್ ಎರಡೂ ಅಲ್ಲಿಂದಲೇ ಪಡೆಯುವುದರಿಂದ ಅಲ್ಲಿ ತಿದ್ದಿಸಿದರೆ ಎರಡೂ ಕಡೆ ಸರಿಹೋಗುತ್ತದೆ. ಆಂಡ್ರಾಯ್ಡ್‌ನದ್ದೇ ದೋಷವೆಂದು ಖಚಿತವಾದರೆ ಗೂಗಲ್‌ನ ದೋಷ ವರದಿಗಳ ತಾಣವಾದ ಇಶ್ಯೂ ಟ್ರ್ಯಾಕರ್‌ನಲ್ಲಿ ಆಂಡ್ರಾಯ್ಡ್‌ಗೆಂದು ಇರುವ ಸಾರ್ವಜನಿಕ ವಿಭಾಗಕ್ಕೆ ಹೋಗಬೇಕು. ಪಿಕ್ಸೆಲ್ ಫೋನ್‌ನಲ್ಲಿ ಬೀಟಾ ಆವೃತ್ತಿ (ಬಿಡುಗಡೆಗೆ ಮೊದಲಿನ ಪರೀಕ್ಷಾ ಆವೃತ್ತಿ) ಬಳಸುವವರಿಗೆ ಬೀಟಾ ಫೀಡ್‌ಬ್ಯಾಕ್ ಎಂಬ ಪ್ರತ್ಯೇಕ ಆ್ಯಪ್ ಇದೆ.

ಟ್ರ್ಯಾಕರ್ ತೆರೆದ ಕೂಡಲೇ ಹೊಸ ವರದಿ ಬರೆಯಬೇಡಿ. ಅದೇ ದೋಷವನ್ನು ಬೇರೆಯವರು ಆಗಲೇ ತಿಳಿಸಿರಬಹುದು; ‘ಕನ್ನಡ’ ಎಂದಷ್ಟೇ ಅಲ್ಲದೆ ಭಾರತೀಯ ಲಿಪಿಗಳಿಗೆಲ್ಲ ಒಟ್ಟಾಗಿ ಇಂಗ್ಲಿಷ್‌ನಲ್ಲಿ ಬಳಸುವ ‘ಇಂಡಿಕ್’ ಎಂಬ ಪದವನ್ನೂ, ಜಾಯ್ನರ್‌ನ ಹೆಸರನ್ನೂ ಹಾಕಿ ಹುಡುಕಿ. ತೆಲುಗಿನವರೋ ಮಲಯಾಳದವರೋ ಬರೆದ ವರದಿಯೇ ನಿಮ್ಮದೂ ಆಗಿರಬಹುದು. ಸಿಕ್ಕಿದರೆ ಅದರ ಪಕ್ಕದ ನಕ್ಷತ್ರವನ್ನು ಒತ್ತಿ. ಎಷ್ಟು ಮಂದಿಗೆ ತೊಂದರೆಯಾಗಿದೆ ಎಂಬುದು ಅದರಿಂದ ಲೆಕ್ಕಕ್ಕೆ ಬರುತ್ತದೆ, ಮುಂದಿನ ಬೆಳವಣಿಗೆಗಳು ನಿಮಗೆ ಮಿಂಚಂಚೆಯಲ್ಲಿ ತಲುಪುತ್ತವೆ. ‘ನನಗೂ ಹೀಗೇ ಆಗುತ್ತಿದೆ’ ಎಂಬ ಪ್ರತಿಕ್ರಿಯೆಗಳಿಂದ ಕೆಲಸದ ಮಾಹಿತಿ ಮುಚ್ಚಿಹೋಗುತ್ತದೆಯೇ ಹೊರತು ಬೇರೆ ಪ್ರಯೋಜನವಿಲ್ಲ. ನಿಮ್ಮಲ್ಲಿ ಹೊಸ ಸಂಗತಿಯೊಂದಿದ್ದರೆ, ಉದಾಹರಣೆಗೆ ಅದು ಇಂಥ ಆವೃತ್ತಿಯಲ್ಲಿ ಬರುವುದಿಲ್ಲವೆಂದು ಗೊತ್ತಾಗಿದ್ದರೆ, ಅದನ್ನು ಬರೆಯಬಹುದು.

ಇನ್ನು ಶೀರ್ಷಿಕೆ. 2012ರಲ್ಲಿ ಆಂಡ್ರಾಯ್ಡ್ 4.1 ಬಂದಾಗ ಕನ್ನಡ, ತೆಲುಗು, ಮಲಯಾಳಗಳಿಗೆ ಬೆಂಬಲ ಸೇರಿತು, 2014ರ 5.0ರಲ್ಲಿ ಮೆನುಗಳೂ ಕನ್ನಡಕ್ಕೆ ಬಂದವು. ಹೀಗಿರುವಾಗ ‘ಕನ್ನಡ ಸರಿಯಾಗಿ ಬರುತ್ತಿಲ್ಲ’ ಎಂಬ ಶೀರ್ಷಿಕೆಯಿಂದ ಈಗ ಯಾರಿಗೂ ಏನೂ ತಿಳಿಯುವುದಿಲ್ಲ. ಯಾವ ಅಕ್ಷರ, ಎಲ್ಲಿ, ಏನು ಮಾಡಿದಾಗ ಎಂಬ ಮೂರೂ ಶೀರ್ಷಿಕೆಯಲ್ಲಿಯೇ ಇರಬೇಕು. ಒಂದು ಕಲ್ಪಿತ ವರದಿಯನ್ನು ಇಲ್ಲಿ ಕೊಡುತ್ತೇನೆ. ಕಳಿಸುವಾಗ ಇದು ಸರಳ ಇಂಗ್ಲಿಷ್‌ನಲ್ಲಿರಬೇಕು. ವ್ಯಾಕರಣ ತುಸು ಹೆಚ್ಚುಕಡಿಮೆಯಾದರೂ ಅಡ್ಡಿಯಿಲ್ಲ, ಹೆಜ್ಜೆಗಳು ಹೆಚ್ಚುಕಡಿಮೆಯಾಗಬಾರದು.

ಶೀರ್ಷಿಕೆ: ಪಠ್ಯ ಚೌಕಕ್ಕೆ ಅಂಟಿಸಿದಾಗ ಕನ್ನಡದ ‘ರ‍್ಯಾ’ದಲ್ಲಿನ ಜಾಯ್ನರ್ ಅಳಿಸಿಹೋಗಿ ಅರ್ಕಾವತ್ತು ಮೂಡುತ್ತದೆ.
ಹೆಜ್ಜೆಗಳು: 1. ಜೊತೆಗಿರುವ ಪಠ್ಯ ಕಡತವನ್ನು ತೆರೆಯಿರಿ. 2. ಅದರಲ್ಲಿರುವ ಒಂದೇ ಪದವನ್ನು ನಕಲು ಮಾಡಿ. 3. ಸೆಟ್ಟಿಂಗ್ಸ್‌ನ ಹುಡುಕು ಚೌಕಕ್ಕೆ ಅಂಟಿಸಿ.
ಆದದ್ದು: ಮೊದಲು ಯಕಾರ, ಅದರ ಬಲಕ್ಕೆ ಅರ್ಕಾವತ್ತು ಕಾಣುತ್ತದೆ (ಚಿತ್ರ 1, ಕೆಂಪು ವೃತ್ತ).
ಆಗಬೇಕಾದದ್ದು: ಮೊದಲು ರಕಾರ, ಅದಕ್ಕೆ ಯ ಒತ್ತು ಕಾಣಬೇಕು (ಚಿತ್ರ 2, ಅದೇ ಫೋನ್‌ನ ಬ್ರೌಸರ್‌ನಲ್ಲಿ).
ಆವರ್ತನ: 10 ಸಲ ಮಾಡಿದರೆ 10 ಸಲವೂ.
ಫೋನ್: ಮಾದರಿ, ಆಂಡ್ರಾಯ್ಡ್ ಆವೃತ್ತಿ, ಬಿಲ್ಡ್ ನಂಬರ್ (ತಂತ್ರಾಂಶದ ನಿಖರ ಆವೃತ್ತಿಯ ಗುರುತು), ಕೀಬೋರ್ಡ್‌ನ ಹೆಸರು ಮತ್ತು ಆವೃತ್ತಿ.

ಇದರಲ್ಲಿ ಪಠ್ಯ ಕಡತವನ್ನು ಜೊತೆಗಿಡುವುದು ಏಕೆಂದು ಕೇಳಬಹುದು. ಸ್ಕ್ರೀನ್‌ಶಾಟ್‌ನಿಂದ ಪದವನ್ನು ನಕಲು ಮಾಡಿಕೊಳ್ಳಲಾಗುವುದಿಲ್ಲ, ಕನ್ನಡ ಬಾರದವರು ಅದನ್ನು ನೋಡಿ ಟೈಪ್ ಮಾಡಲೂ ಆಗುವುದಿಲ್ಲ. ವರದಿಯ ಮೈಯಲ್ಲೇ ಪದವನ್ನು ಬರೆದರೆ ನಡುವೆ ಎಲ್ಲಾದರೂ ಜಾಯ್ನರ್ ಕಳೆದುಹೋಗುವ ಅಪಾಯ ಇದ್ದೇ ಇದೆ. ಅದು ಕಳೆದುಹೋಗುತ್ತದೆ ಎನ್ನುವುದೇ ನಮ್ಮ ದೂರಲ್ಲವೇ? ಆದ್ದರಿಂದ ಚಿತ್ರ, ಕಡತ, ಸಂಕೇತಗಳ ಪಟ್ಟಿ ಮೂರೂ ಇರಲಿ. ಹಿಂದಿನ ಆವೃತ್ತಿಯಲ್ಲಿ ಸರಿಯಿದ್ದು ಅಪ್‌ಡೇಟ್ ಆದಮೇಲೆ ಕೆಟ್ಟದ್ದಾದರೆ ಅದನ್ನು ಮೊದಲ ಸಾಲಿನಲ್ಲೇ ಹೇಳಿ, ಏಕೆಂದರೆ ಎರಡು ಆವೃತ್ತಿಗಳ ನಡುವೆ ಏನು ಬದಲಾಯಿತೆಂದು ಹುಡುಕುವುದು ಎಂಜಿನಿಯರ್‌ಗೆ ಬಹಳ ಹಗುರವಾದ ಕೆಲಸ. ಒಂದು ವರದಿಯಲ್ಲಿ ಒಂದೇ ದೋಷವಿರಲಿ. ಕೀಬೋರ್ಡ್ ನಿಧಾನವೆಂಬುದನ್ನೂ ಬ್ಯಾಟರಿ ಬೇಗ ಇಳಿಯುತ್ತದೆಂಬುದನ್ನೂ ಇದರೊಳಗೆ ತುರುಕಬಾರದು.

ಆ್ಯಪ್ ಕುಸಿದು ಮುಚ್ಚಿಹೋಗುವುದು, ಫೋನ್ ಸ್ತಬ್ಧವಾಗುವುದು ಇಂಥ ದೋಷಗಳಿಗೆ ಚಿತ್ರ ಸಾಲದು, ಫೋನ್‌ನೊಳಗಿನ ದಾಖಲೆಗಳು ಬೇಕಾಗುತ್ತವೆ. ಸೆಟ್ಟಿಂಗ್ಸ್‌ನ ‘ಫೋನ್ ಬಗ್ಗೆ’ ಭಾಗದಲ್ಲಿರುವ ಬಿಲ್ಡ್ ನಂಬರನ್ನು 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ಅಲ್ಲಿ ಬಗ್ ರಿಪೋರ್ಟ್ ಪಡೆಯುವ ಆಯ್ಕೆಯಿದೆ. ದೋಷ ಸಂಭವಿಸಿದ ಕೂಡಲೇ ಅದನ್ನು ಒತ್ತಬೇಕು, ಏಕೆಂದರೆ ಹಳೆಯ ದಾಖಲೆಗಳನ್ನು ಹೊಸವು ಅಳಿಸುತ್ತಾ ಹೋಗುತ್ತವೆ. ದೋಷ ಕಂಡ ಗಂಟೆ ನಿಮಿಷವನ್ನು ವರದಿಯಲ್ಲಿ ಬರೆದಿಟ್ಟರೆ ಸಾವಿರಾರು ಸಾಲುಗಳ ನಡುವೆ ಹುಡುಕುವವರಿಗೆ ಗುರುತು ಸಿಗುತ್ತದೆ. ಕೆಲವು ನಿಮಿಷಗಳಲ್ಲಿ ಒಂದು ಜಿಪ್ ಕಡತ ಸಿದ್ಧವಾಗುತ್ತದೆ. ಇಲ್ಲಿ ಎಚ್ಚರ ಬೇಕು: ಆ ಕಡತದಲ್ಲಿ ನಿಮ್ಮ ಖಾತೆಗಳ ಹೆಸರು, ವೈಫೈ ಹೆಸರು, ಫೋನ್‌ನಲ್ಲಿರುವ ಆ್ಯಪ್‌ಗಳ ಪಟ್ಟಿ ಮುಂತಾದ ಖಾಸಗಿ ವಿವರಗಳಿರಬಹುದು, ಮತ್ತು ಸಾರ್ವಜನಿಕ ಟ್ರ್ಯಾಕರ್‌ಗೆ ಹಾಕಿದ್ದನ್ನು ಊರೆಲ್ಲ ಇಳಿಸಿಕೊಳ್ಳಬಹುದು. ತಂಡ ಸೂಚಿಸಿದ ವಿಳಾಸಕ್ಕೆ ಮಾತ್ರ ಡ್ರೈವ್‌ನಲ್ಲಿ ಹಂಚಿಕೊಳ್ಳುವುದು ಸುರಕ್ಷಿತ. ನಮ್ಮ ‘ರ‍್ಯಾಂಕ್’ನಂಥ ದೋಷಕ್ಕೆ ಈ ಕಡತ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಅವರು ಕೇಳಿದರೆ ಕೊಟ್ಟರಾಯಿತು.

ಐಫೋನ್‌ನಲ್ಲಿ ಫೀಡ್‌ಬ್ಯಾಕ್ ಅಸಿಸ್ಟಂಟ್ ಮೂಲಕ ವರದಿ ಕಳಿಸಬೇಕು. ದಾಖಲೆಗಳಿಗಾಗಿ ಎರಡೂ ವಾಲ್ಯೂಮ್ ಗುಂಡಿಗಳನ್ನೂ ಪಕ್ಕದ ಗುಂಡಿಯನ್ನೂ ಒಟ್ಟಿಗೆ ಒಂದು ಕ್ಷಣ ಒತ್ತಿ ಬಿಟ್ಟರೆ ಸಿಸ್‌ಡಯಾಗ್ನೋಸ್ ಎಂಬ ಕಡತ ಸಿದ್ಧವಾಗತೊಡಗುತ್ತದೆ. ಅಲ್ಲಿ ಒಬ್ಬರ ವರದಿ ಇನ್ನೊಬ್ಬರಿಗೆ ಕಾಣುವುದಿಲ್ಲ. ಹೀಗಾಗಿ ಹುಡುಕುವ, ನಕ್ಷತ್ರ ಒತ್ತುವ ಮಾತೇ ಇಲ್ಲ, ತೊಂದರೆಯಾದ ಪ್ರತಿಯೊಬ್ಬರೂ ಪ್ರತ್ಯೇಕವಾಗಿ ಬರೆಯುವುದೇ ಸರಿ.

ಇವೆಲ್ಲಕ್ಕೂ ಒಂದು ಅಪವಾದವಿದೆ. 2018ರ ಫೆಬ್ರುವರಿಯಲ್ಲಿ ತೆಲುಗಿನ ‘ಜ್ಞಾ’ ಅಕ್ಷರ, ನಡುವೆ ಕಣ್ಣಿಗೆ ಕಾಣದ ಸಂಕೇತವೊಂದನ್ನು ಹೊತ್ತು ಬಂದರೆ, ಅದನ್ನು ತೋರಿಸಹೊರಟ ಐಫೋನ್ ಆ್ಯಪ್‌ಗಳು ಕುಸಿದುಬೀಳುತ್ತಿದ್ದವು. ಸುದ್ದಿ ಹರಡಿದ್ದೇ ತಡ, ತಮಾಷೆಗೆಂದು ಅದನ್ನು ಕಂಡಕಂಡವರಿಗೆ ಕಳಿಸುವವರು ಹುಟ್ಟಿಕೊಂಡರು. ಆಪಲ್ ಆ ತಿಂಗಳ 19ರಂದು ಐಓಎಸ್ 11.2.6 ಬಿಡುಗಡೆ ಮಾಡಿ ಅದನ್ನು ಸರಿಪಡಿಸಿತು ಮತ್ತು ಭದ್ರತಾ ಲೋಪವೆಂದೇ ದಾಖಲಿಸಿತು. ಅಕ್ಷರ ತಪ್ಪಾಗಿ ಮೂಡುವುದು ಒಂದು ಬಗೆ; ಬೇರೆಯವರು ಕಳಿಸಿದ ಅಕ್ಷರದಿಂದ ನಿಮ್ಮ ಫೋನ್ ಕೆಡುವುದು ಇನ್ನೊಂದು ಬಗೆ. ಎರಡನೆಯದನ್ನು ಸಾರ್ವಜನಿಕ ಟ್ರ್ಯಾಕರ್‌ನಲ್ಲಾಗಲಿ ವಾಟ್ಸಾಪ್ ಗುಂಪಿನಲ್ಲಾಗಲಿ ಹಾಕಬಾರದು. ಗೂಗಲ್, ಆಪಲ್ ಎರಡೂ ಭದ್ರತಾ ಲೋಪಗಳಿಗೆಂದೇ ಖಾಸಗಿ ದಾರಿಗಳನ್ನು ಇಟ್ಟಿವೆ, ಅರ್ಹವಾದವುಗಳಿಗೆ ಬಹುಮಾನವನ್ನೂ ಕೊಡುತ್ತವೆ.

ವರದಿ ಕಳಿಸಿದ ಮೇಲೆ ಅದರ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಹೆಚ್ಚಿನ ಮಾಹಿತಿ ಕೇಳಿದಾಗ ಬೇಗ ಉತ್ತರಿಸಬೇಕು. ಉತ್ತರವಿಲ್ಲದ ವರದಿಗಳನ್ನು ಮುಚ್ಚಿಬಿಡುವುದುಂಟು. ‘ಡೂಪ್ಲಿಕೇಟ್’ ಎಂದು ಗುರುತಿಸಿದರೆ ಬೇಸರ ಬೇಡ, ಮೂಲ ವರದಿಗೆ ನಕ್ಷತ್ರ ಒತ್ತಿ. ‘ವೋಂಟ್ ಫಿಕ್ಸ್’ (ಸರಿಪಡಿಸುವುದಿಲ್ಲ) ಎಂದಾಗ ಅದರ ಪಕ್ಕದ ಕಾರಣವನ್ನು ಓದಬೇಕು. ದೋಷ ಮರುಕಳಿಸಲಿಲ್ಲ ಎಂದಿದ್ದರೆ ನಿಮ್ಮ ಹೆಜ್ಜೆಗಳಲ್ಲಿ ಏನೋ ಬಿಟ್ಟುಹೋಗಿದೆ. ಉದ್ದೇಶಿತ ವರ್ತನೆ ಎಂದಿದ್ದರೆ ಅವರು ಬಹುಶಃ ಅರ್ಕಾವತ್ತಿನ ನಿಯಮವನ್ನಷ್ಟೇ ನೋಡಿ ಜಾಯ್ನರನ್ನು ಮರೆತಿದ್ದಾರೆ, ಆಗ ‘ಸೂರ್ಯ’ ಮತ್ತು ‘ರ‍್ಯಾಂಕ್’ ಎರಡನ್ನೂ ಪಕ್ಕಪಕ್ಕ ಇಟ್ಟು, ಸಂಕೇತಗಳ ಪಟ್ಟಿಯೊಂದಿಗೆ ಮತ್ತೊಮ್ಮೆ ವಿವರಿಸಿ. ‘ಫಿಕ್ಸ್ಡ್’ ಎಂದರೆ ಅವರಲ್ಲಿರುವ ತಂತ್ರಾಂಶದ ಮೂಲ ಪ್ರತಿಯಲ್ಲಿ ಸರಿಯಾಯಿತೆಂದು ಅರ್ಥ. ಅದು ನಿಮ್ಮ ಫೋನ್‌ಗೆ ಬರಲು ಮುಂದಿನ ಆವೃತ್ತಿ ಬೇಕು, ಬೇರೆ ಕಂಪನಿಯ ಫೋನಾದರೆ ಆ ಕಂಪನಿ ಅದನ್ನು ತನ್ನ ಅಪ್‌ಡೇಟ್‌ಗೆ ಸೇರಿಸಿಕೊಳ್ಳುವವರೆಗೂ ಕಾಯಬೇಕು. ಅಪ್‌ಡೇಟ್ ಬಂದ ದಿನ ಅದೇ ಪಠ್ಯ ಕಡತವನ್ನು ತೆರೆದು, ಅದೇ ಮೂರು ಹೆಜ್ಜೆಗಳನ್ನು ಮಾಡಿ ನೋಡಿ, ಹೊಸ ಬಿಲ್ಡ್ ನಂಬರ್‌ನೊಂದಿಗೆ ಫಲಿತಾಂಶವನ್ನು ಒಂದು ಸಾಲಿನಲ್ಲಿ ವರದಿಯ ಕೆಳಗೆ ಬರೆಯಿರಿ.