ಹಾಡಿಗೂ ಒಂದು ಪಹಣಿ

ಪುರಂದರದಾಸರು ತೀರಿಕೊಂಡದ್ದು 1564ರಲ್ಲಿ. ಅವರ ಪದವೊಂದನ್ನು ನನ್ನದೇ ಮಟ್ಟಿನಲ್ಲಿ, ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹಾಡಿ ಯೂಟ್ಯೂಬಿಗೆ ಏರಿಸಿದ ಮರುದಿನ ಬೆಳಿಗ್ಗೆ ಒಂದು ಇಮೇಲ್ ಬಂತು. ನಿಮ್ಮ ವಿಡಿಯೊದಲ್ಲಿ ಬೇರೆಯವರ ಹಕ್ಕುಸ್ವಾಮ್ಯದ ಸಂಗೀತವಿದೆ, ಜಾಹೀರಾತಿನ ಹಣ ಅವರಿಗೆ ಹೋಗುತ್ತದೆ ಎಂದು. ಕಾಫಿ ಲೋಟದಲ್ಲೇ ತಣ್ಣಗಾಯಿತು. ನಾಲ್ಕೂವರೆ ಶತಮಾನದ ಮೇಲೆ ದಾಸರಿಗೆ ಯಾವ ವಾರಸುದಾರ ಹುಟ್ಟಿಕೊಂಡ ಎಂದು ನೋಡಿದರೆ, ಎಂದೂ ಕೇಳದ ಹೆಸರು. ಅವನ ಹಾಡು ನಿದ್ದೆ ಬರಿಸುವ ಧ್ಯಾನಸಂಗೀತವಂತೆ.

ತಕರಾರು ಇದ್ದದ್ದು 0:00ರಿಂದ 0:22ರವರೆಗಿನ ಭಾಗಕ್ಕೆ. ನಾನು ಬಾಯಿ ತೆರೆಯುವುದೇ 23ನೇ ಸೆಕೆಂಡಿಗೆ. ಅಲ್ಲಿಯವರೆಗೆ ಬರೀ ತಂಬೂರಿ. ಮೂರು ಸಲ ಕೇಳಿದ ಮೇಲೆ ಹೊಳೆಯಿತು: ಆ ತಂಬೂರಿ ನನ್ನದಲ್ಲ. ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಲೂಪ್, ಅಂದರೆ ಮತ್ತೆ ಮತ್ತೆ ಸುತ್ತಿ ಬರುವ ಧ್ವನಿತುಣುಕು ಅದು. ನಾನೂ ಇಳಿಸಿಕೊಂಡಿದ್ದೆ, ಆತನೂ ಇಳಿಸಿಕೊಂಡಿದ್ದ. ಅವನು ಮೊದಲು ನೋಂದಾಯಿಸಿದ್ದ, ಅಷ್ಟೇ ವ್ಯತ್ಯಾಸ.

ನಮ್ಮ ತಂದೆ ಸಾಗರ ತಾಲ್ಲೂಕಿನಲ್ಲಿ ಗ್ರಾಮಲೆಕ್ಕಿಗರಾಗಿದ್ದರು. ಗದ್ದೆ ಯಾರದು ಎಂಬುದು ಊರಿಗೆಲ್ಲ ಗೊತ್ತಿದ್ದರೂ ಅವರು ಒಪ್ಪುತ್ತಿರಲಿಲ್ಲ. ಪಹಣಿ ತೆಗೆದು, ಕಾಲಂ 9ರಲ್ಲಿ ಒಡೆಯನ ಹೆಸರು, 12ರಲ್ಲಿ ಉಳುವವನ ಹೆಸರು ನೋಡಿಯೇ ಮಾತನಾಡುತ್ತಿದ್ದರು. ಸಂಗೀತಗಾರನಾದ ನಾನು ಆ ಕಾಗದಗಳಿಂದ ತಪ್ಪಿಸಿಕೊಂಡೆ ಎಂದುಕೊಂಡಿದ್ದೆ. ಶಿವಮೊಗ್ಗದಲ್ಲಿ ಮೂವತ್ತು ವರ್ಷ ಸುಗಮ ಸಂಗೀತ ಹಾಡಿ, ಮಕ್ಕಳಿಗೆ ಪಾಠ ಹೇಳಿ, ಕೊನೆಗೆ ಬಂದು ನಿಂತದ್ದು ಮತ್ತೆ ಅದೇ ಕಾಲಂ 9 ಮತ್ತು 12ರ ಮುಂದೆ.

ಯೂಟ್ಯೂಬಿನ ಕಂಟೆಂಟ್ ಐಡಿ 2007ರಿಂದ ಇರುವ ವ್ಯವಸ್ಥೆ. ಹಕ್ಕುದಾರರು ತಮ್ಮ ಧ್ವನಿಮುದ್ರಣವನ್ನು ಮೊದಲೇ ಅದಕ್ಕೆ ಒಪ್ಪಿಸಿರುತ್ತಾರೆ. ಹೊಸದಾಗಿ ಯಾರು ಏನು ಏರಿಸಿದರೂ ಯಂತ್ರ ತಾಳೆ ನೋಡುತ್ತದೆ. ತಾಳೆ ನೋಡುವುದಕ್ಕೆ ಅದಕ್ಕೆ ಕಿವಿ ಇದೆ, ದಾಸರು ಯಾರೆಂಬ ತಿಳಿವಳಿಕೆ ಇಲ್ಲ. ಲೂಪ್ ಬಳಸಿದ ಹಾಡನ್ನು ಕಂಟೆಂಟ್ ಐಡಿಗೆ ಸೇರಿಸಬಾರದು ಎಂದು, ನಮ್ಮ ಹಾಡುಗಳನ್ನು ಆಪ್‌ಗಳಿಗೆ ತಲುಪಿಸುವ ವಿತರಣಾ ಸಂಸ್ಥೆಗಳು ನಿಯಮ ಬರೆದಿಟ್ಟಿವೆ. ಓದುವವರು ಯಾರು?

ಹೆದರಿ ವಿಡಿಯೊ ಅಳಿಸಲು ಹೊರಟವನನ್ನು ತಡೆದವಳು ನನ್ನ ಶಿಷ್ಯೆ. ಕ್ಲೇಮ್ ಬೇರೆ, ಸ್ಟ್ರೈಕ್ ಬೇರೆ ಎಂಬುದು ಅವಳಿಂದ ತಿಳಿಯಿತು. ಕ್ಲೇಮ್ ಬಂದರೆ ಸಾಮಾನ್ಯವಾಗಿ ಹಣದ ದಾರಿ ತಿರುಗುತ್ತದೆ. ಸ್ಟ್ರೈಕ್ ಬಂದರೆ ಚಾನೆಲ್ಲಿಗೇ ಕುತ್ತು, 90 ದಿನಗಳಲ್ಲಿ ಮೂರು ಬಂದರೆ ಬಾಗಿಲು ಮುಚ್ಚಿದಂತೆ. ಐದು ದಿನದೊಳಗೆ ತಕರಾರು ಅರ್ಜಿ ಹಾಕಿದರೆ ಹಣ ಯಾರಿಗೂ ಹೋಗದೆ ತಡೆಹಿಡಿಯಲ್ಪಡುತ್ತದೆ ಎಂದಳು. ಹಾಕಿದೆವು. ಎದುರು ಕಕ್ಷಿಗೆ ಉತ್ತರಿಸಲು 30 ದಿನ. ಆತ ಉತ್ತರಿಸಲೇ ಇಲ್ಲ. ಗಡುವು ಮುಗಿದು ಕ್ಲೇಮ್ ತಾನಾಗಿ ಬಿದ್ದುಹೋಯಿತು. ಆದರೆ ಯಾವ ಹಾಡನ್ನಾದರೂ ಜನ ಹೆಚ್ಚು ಕೇಳುವುದು ಮೊದಲ ತಿಂಗಳಲ್ಲಿ. ಆ ತಿಂಗಳೆಲ್ಲ ನಾನು ಹಾಡುವುದನ್ನು ಬಿಟ್ಟು ಅರ್ಜಿಯ ಸ್ಥಿತಿಗತಿ ನೋಡುತ್ತ ಕುಳಿತಿದ್ದೆ.

ಆಮೇಲೆ ಮಾಡಿದ ಮೊದಲ ಕೆಲಸ, ನನ್ನದೇ ತಂಬೂರಿಯ ಧ್ವನಿಮುದ್ರಣ. ಮೀರಜಿನಲ್ಲಿ ಮಾಡಿಸಿದ ತಂಬೂರಿಯೊಂದು ಪರಿಚಯದವರ ಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿತ್ತು. ತಂದು, ತಂತಿ ಬದಲಿಸಿ, ಕುದುರೆಯ ಮೇಲಿನ ದಾರವನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ, ನಾದ ಝೇಂಕರಿಸುವಂತೆ ಜೀವಾಳಿ ಕೂರಿಸುವುದಕ್ಕೇ ಒಂದು ಸಂಜೆ ಹಿಡಿಯಿತು. ಹಗಲು ನಮ್ಮ ಬೀದಿಯಲ್ಲಿ ಕುಕ್ಕರ್ ಶಿಳ್ಳೆ, ತರಕಾರಿ ಗಾಡಿ, ಬೈಕು. ರಾತ್ರಿ ಎರಡು ಗಂಟೆಗೆ ಎದ್ದು, ಫ್ಯಾನ್ ಆರಿಸಿ, ಫ್ರಿಜ್ಜಿನ ಪ್ಲಗ್ ಕಿತ್ತು, ಕಿಟಕಿಗೆ ಕಂಬಳಿ ಹೊದಿಸಿ, ಒಂದೊಂದು ಶ್ರುತಿಗೆ ಹತ್ತು ಹತ್ತು ನಿಮಿಷ ಮೀಟಿದೆ. ಮೂರನೆಯ ರಾತ್ರಿ ಫ್ರಿಜ್ಜಿನ ಪ್ಲಗ್ ಮತ್ತೆ ಹಾಕುವುದು ಮರೆತು ಬೆಳಿಗ್ಗೆ ಹಾಲು ಒಡೆದಿತ್ತು. ಅದರ ಬಗ್ಗೆ ಮನೆಯಲ್ಲಿ ಕೇಳಿದ ಮಾತು ಯಾವ ಕ್ಲೇಮಿಗೂ ಕಡಿಮೆಯಿರಲಿಲ್ಲ. ಈಗ ನನ್ನ ಎಲ್ಲ ಹಾಡುಗಳ ಕೆಳಗೂ ಅದೇ ತಂಬೂರಿ ಇದೆ. ಮೂಲ ಕಡತಗಳನ್ನು ತಾರೀಖಿನ ಸಮೇತ ಎರಡು ಕಡೆ ಇಟ್ಟಿದ್ದೇನೆ.

ಎರಡನೆಯ ಕೆಲಸ ಇದಕ್ಕಿಂತ ನೋವಿನದು. 1999ರಲ್ಲಿ ಒಂದು ಕ್ಯಾಸೆಟ್ ಕಂಪನಿಗೆ ಎಂಟು ಭಾವಗೀತೆಗಳಿಗೆ ರಾಗ ಹಾಕಿ ಕೊಟ್ಟಿದ್ದೆ. ಒಂದು ದೊಡ್ಡ ನೋಟಿನ ಕಟ್ಟು, ಒಂದು ಸ್ಟಾಂಪ್ ಪೇಪರು, ಒಂದು ಸಹಿ. ಆ ಎಂಟೂ ಹಾಡುಗಳು ಈಗ ಎಲ್ಲ ಆಪ್‌ಗಳಲ್ಲಿ ಇವೆ, ಜನ ಕೇಳುತ್ತಲೂ ಇದ್ದಾರೆ. ನನಗೆ ಒಂದು ರೂಪಾಯಿಯೂ ಇಲ್ಲ. ಪರಿಚಯದ ವಕೀಲರ ಮುಂದೆ ಆ ಹಳದಿಗಟ್ಟಿದ ಹಾಳೆ ಬಿಚ್ಚಿದೆ. ಅವಧಿ ಬರೆದಿರದಿದ್ದರೆ ಹಕ್ಕು ವರ್ಗಾವಣೆ ಐದೇ ವರ್ಷಕ್ಕೆ ಎಂದು ಕಾನೂನು ಭಾವಿಸುತ್ತದೆ, ಪ್ರದೇಶ ಬರೆದಿರದಿದ್ದರೆ ಭಾರತಕ್ಕೆ ಮಾತ್ರ ಎಂದರು. ನನ್ನ ಮುಖ ಅರಳಿತು. ಅವರು ಕನ್ನಡಕ ಸರಿಪಡಿಸಿಕೊಂಡು ಎರಡನೆಯ ಪ್ಯಾರಾ ಓದಿದರು: ‘ಎಲ್ಲ ಕಾಲಕ್ಕೂ, ಇಡೀ ಜಗತ್ತಿಗೆ.’ ಅರಳಿದ ಮುಖ ಮುದುಡಿತು.

2012ರ ತಿದ್ದುಪಡಿಯ ಮಾತೂ ಬಂತು. ಪತ್ರ ಬರೆದ ಕಾಲಕ್ಕೆ ಇಲ್ಲದ ಮಾಧ್ಯಮಕ್ಕೆ, ಅದನ್ನು ಹೆಸರಿಸದ ಹೊರತು, ವರ್ಗಾವಣೆ ಅನ್ವಯಿಸದು. ಸಾಹಿತ್ಯ ಬರೆದವರು, ರಾಗ ಹಾಕಿದವರು ತಮ್ಮ ರಾಯಧನದ ಸಮಪಾಲನ್ನು ಬಿಟ್ಟುಕೊಟ್ಟರೂ ಅದು ಬಿಟ್ಟಂತಲ್ಲ. ಆದರೆ ನನ್ನದು ಅದಕ್ಕೂ ಹಿಂದಿನ ಪತ್ರ. ಹಳೆಯ ಪತ್ರಕ್ಕೆ ಹೊಸ ಕಾನೂನು ಹೇಗೆ ತಾಗುತ್ತದೆ ಎಂಬುದು ವಾದ ಮಾಡಿ ಗೆಲ್ಲಬೇಕಾದ ಸಂಗತಿ, ಫೀಸು ನಿಮ್ಮ ರಾಯಧನಕ್ಕಿಂತ ಹೆಚ್ಚಾದೀತು ಎಂದು ಅವರೇ ನಕ್ಕರು. ಆ ಎಂಟು ಹಾಡುಗಳ ಆಸೆ ಬಿಟ್ಟೆ. ಮುಂದಿನವುಗಳಿಗೆ, ಸಾಹಿತ್ಯ ಬರೆದವರ ಮತ್ತು ರಾಗ ಹಾಕಿದವರ ರಾಯಧನ ಸಂಗ್ರಹಿಸಿಕೊಡುವ ಐಪಿಆರ್‌ಎಸ್ ಸಂಸ್ಥೆಯಲ್ಲಿ ರಾಗ ಸಂಯೋಜಕನಾಗಿ ಸದಸ್ಯತ್ವ ಮಾಡಿಸಿದೆ. 1969ರಿಂದ ಇರುವ ಸಂಸ್ಥೆಗೆ ನಾನು ಸೇರುವ ಹೊತ್ತಿಗೆ ನನ್ನ ತಲೆ ಪೂರ್ತಿ ನರೆತಿತ್ತು.

ಒಂದು ಹಾಡಿನಲ್ಲಿ ಎರಡು ಆಸ್ತಿ ಇವೆ ಎಂಬುದು ನಮ್ಮ ಅನೇಕ ಗಾಯಕರಿಗೆ ಇಂದಿಗೂ ಗೊತ್ತಿಲ್ಲ: ಸಾಹಿತ್ಯ ಮತ್ತು ಮಟ್ಟು ಸೇರಿದ ಕೃತಿ ಒಂದು, ಅದರ ಧ್ವನಿಮುದ್ರಣ ಇನ್ನೊಂದು. ವಚನ, ದಾಸರ ಪದ ಯಾರ ಅಪ್ಪನ ಮನೆಯ ಆಸ್ತಿಯೂ ಅಲ್ಲ. ಆದರೆ ಅದೇ ವಚನಕ್ಕೆ ನಮ್ಮ ಕಾಲದ ಸಂಯೋಜಕರೊಬ್ಬರು ಹಾಕಿದ ಮಟ್ಟು ಅವರದು. ‘ಬಸವಣ್ಣನವರದು ತಾನೆ’ ಎಂದು ಆ ಮಟ್ಟಿನಲ್ಲೇ ಹಾಡಿ ಏರಿಸಿ ಸಿಕ್ಕಿಬಿದ್ದವರನ್ನು ನೋಡಿದ್ದೇನೆ. ಕವಿಗಳ ವಿಷಯದಲ್ಲಿ ಲೆಕ್ಕ ಸುಲಭ: ತೀರಿಕೊಂಡ ವರ್ಷದ ಮೇಲೆ 60 ವರ್ಷ. ಬಿ.ಎಂ.ಶ್ರೀ ಹೋದದ್ದು 1946ರಲ್ಲಿ, ಅವರ ಪದ್ಯಕ್ಕೆ ಯಾರ ಅಪ್ಪಣೆಯೂ ಬೇಡ. ಬೇಂದ್ರೆಯವರದು 1981, ಆದ್ದರಿಂದ 2041 ಮುಗಿಯುವವರೆಗೆ ಕೇಳಬೇಕು. ಕುವೆಂಪು 1994, ಅಂದರೆ 2054. ಆ ಹೊತ್ತಿಗೆ ನಾನಿರುವುದಿಲ್ಲ, ಕೇಳಿಯೇ ಹಾಡಬೇಕು.

ಬದುಕಿರುವ ಕವಿಗಳನ್ನು ಒಪ್ಪಿಸುವುದು ಹಿಂದೆ ಒಂದು ಫೋನ್ ಕರೆಯ ಕೆಲಸ. ಈಗಲೂ ಅಷ್ಟೇ, ಆದರೆ ಕರೆ ಮುಗಿದ ಮೇಲೆ ಕಾಗದ ಬೇಕು. ಮಳೆಯ ಮೇಲೆ ಪದ್ಯ ಬರೆದ ಹಿರಿಯರೊಬ್ಬರಿಗೆ ಫೋನ್ ಮಾಡಿದಾಗ ‘ಹಾಡಿಕೊಳ್ಳಿ ಮಾರಾಯರೇ, ಅದಕ್ಕೇನು ಕೇಳುತ್ತೀರಿ’ ಎಂದರು. ‘ಸರ್, ನಿಮ್ಮ ಮಾತು ನನಗೆ ಸಾಕು, ಯಂತ್ರಕ್ಕೆ ಸಾಲದು’ ಎಂದು ಒಂದು ಪುಟದ ಒಪ್ಪಿಗೆ ಪತ್ರ ತೆಗೆದುಕೊಂಡು ಅವರ ಮನೆಗೇ ಹೋದೆ. ಯಾವ ಪದ್ಯ, ಯಾವ ಯಾವ ಮಾಧ್ಯಮ, ಎಷ್ಟು ವರ್ಷ, ಬಂದ ಹಣದಲ್ಲಿ ಯಾರಿಗೆಷ್ಟು ಎಂದೆಲ್ಲ ಸರಳ ಕನ್ನಡದಲ್ಲಿ ಬರೆದಿದ್ದೆ. ಹಣದ ಸಾಲನ್ನು ಅವರು ಓದಲೇ ಇಲ್ಲ. ಪೆನ್ನು ತೆಗೆದು ಕೊನೆಯಲ್ಲಿ ತಮ್ಮ ಕೈಯಿಂದ ಒಂದು ಸಾಲು ಸೇರಿಸಿದರು: ‘ಪದ್ಯದ ಒಂದಕ್ಷರವೂ ಬದಲಾಗತಕ್ಕದ್ದಲ್ಲ.’ ತಬಲ, ಕೊಳಲು ನುಡಿಸಿದವರಿಂದಲೂ ಅಂಥದೇ ಹಾಳೆಗೆ ಸಹಿ ಹಾಕಿಸಿದೆ. ಇಪ್ಪತ್ತು ವರ್ಷದ ಸ್ನೇಹಿತನೆದುರು ಕಾಗದ ಚಾಚುವಾಗ ಕೈ ನಡುಗಿತು. ಅವನು ಹಾರ್ಮೋನಿಯಂ ಮೇಲೆಯೇ ಇಟ್ಟು ಸಹಿ ಮಾಡಿ, ‘ಈಗಲಾದರೂ ಬುದ್ಧಿ ಬಂತಲ್ಲ’ ಎಂದ.

ಇನ್ನು ಹೆಸರಿನ ರಗಳೆ. ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಸಂಕೇತ ಇರುತ್ತದೆ. ಅದು ಹಾಡಿನ ಸರ್ವೆ ನಂಬರು. ಅದನ್ನು ವಿತರಣಾ ಸಂಸ್ಥೆಯೇ ಕೊಟ್ಟಿತು, ತೊಂದರೆಯಿಲ್ಲ. ತೊಂದರೆ ಆದದ್ದು ನನ್ನ ಹೆಸರಿನ ಇಂಗ್ಲಿಷ್ ಕಾಗುಣಿತದಲ್ಲಿ. ಒಂದು ಹಾಡಿಗೆ ಕೊನೆಯಲ್ಲಿ ‘ಎಚ್’ ಹಾಕಿದ್ದೆ, ಇನ್ನೊಂದಕ್ಕೆ ಬಿಟ್ಟಿದ್ದೆ. ಆಪ್‌ಗಳಲ್ಲಿ ನಾನು ಇಬ್ಬರಾದೆ. ಒಬ್ಬನಿಗೆ ಒಂಬತ್ತು ಹಾಡು, ಇನ್ನೊಬ್ಬನಿಗೆ ಐದು, ಕೇಳುಗರೂ ಇಬ್ಭಾಗ. ಹೆಸರು ಒಂದುಗೂಡಿಸಲು ಹಿಡಿದ ತಿಂಗಳುಗಳಲ್ಲಿ ಇನ್ನೊಂದು ಗುಚ್ಛ ಸಂಯೋಜಿಸಬಹುದಿತ್ತು.

ಹಣ? ಸ್ಪಾಟಿಫೈ ಭಾರತಕ್ಕೆ ಬಂದದ್ದು 2019ರಲ್ಲಿ. 2024ರಿಂದ ಅಲ್ಲಿ 12 ತಿಂಗಳಲ್ಲಿ 1000 ಸಲವಾದರೂ ಕೇಳದ ಹಾಡಿಗೆ ಧ್ವನಿಮುದ್ರಣದ ರಾಯಧನವೇ ಇಲ್ಲ. ನನ್ನ 14 ಹಾಡುಗಳಲ್ಲಿ ಐದು ಆ ಗೆರೆ ದಾಟಲಿಲ್ಲ. ದಾಟಿದವುಗಳಿಂದ ಬಂದದ್ದು ಮನೆಯ ಹಾಲಿನ ಲೆಕ್ಕಕ್ಕೂ ಸಾಲದು. ಇದನ್ನು ದೂರಾಗಿ ಹೇಳುತ್ತಿಲ್ಲ. ಇಂಟರ್ನೆಟ್ಟಿನಿಂದ ಹೊಟ್ಟೆ ಹೊರೆಯುತ್ತೇನೆ ಎಂದು ಕೆಲಸ ಬಿಡಲು ಹೊರಟ ಹುಡುಗರಿಗೆ ಮೊದಲೇ ತಿಳಿದಿರಲಿ ಎಂದು.

ಆದರೆ ಕೇಳುಗರು ಸಿಕ್ಕಿದ್ದಾರೆ, ಅದೂ ನನಗೆ ಗೊತ್ತಿಲ್ಲದ ರೀತಿಯಲ್ಲಿ. ಸಭೆಯಲ್ಲಿ ಹಾಡಿದರೆ ಚಪ್ಪಾಳೆ ಬರುತ್ತದೆ, ಜನ ಊಟಕ್ಕೆ ಹೋಗುತ್ತಾರೆ. ಇಲ್ಲಿ ಮಸ್ಕತ್ತಿನಿಂದ ಒಬ್ಬ ತಾಯಿ ಬರೆಯುತ್ತಾರೆ: ಎರಡನೆಯ ಚರಣದ ಸಂಗತಿ ಮಗಳಿಗೆ ಹಿಡಿಯುತ್ತಿಲ್ಲ, ನಿಧಾನವಾಗಿ ಹಾಡಿ ಹಾಕುತ್ತೀರಾ? ಹಾಕಿದೆ. ಕಂಠವಿಲ್ಲದೆ ಬರೀ ಪಕ್ಕವಾದ್ಯದ್ದು ಕೊಡಿ ಎಂದರು ಇನ್ನೊಬ್ಬರು. ಕೊಟ್ಟೆ, ಜೊತೆಗೆ ಸ್ವರಲಿಪಿಯ ಫೋಟೊ. ಈಗ ಆ ಪಕ್ಕವಾದ್ಯದ ವಿಡಿಯೊಗಳನ್ನೇ ಜನ ಹೆಚ್ಚು ನೋಡುತ್ತಾರೆ, ಅಕ್ಟೋಬರ್ ಕೊನೆಯ ವಾರ ಬಂತೆಂದರೆ ರಾಜ್ಯೋತ್ಸವದ ತಯಾರಿಯವರ ಸಾಲೇ ಸಾಲು. ನನ್ನ ಕಂಠ ತೆಗೆದರೇ ಬೇಡಿಕೆ ಹೆಚ್ಚು ಎಂದು ಶಿಷ್ಯೆ ಚುಡಾಯಿಸುತ್ತಾಳೆ. ಹಾಗೆಯೇ, ಆಲಾಪ ಶುರುವಾದ 40ನೇ ಸೆಕೆಂಡಿಗೆ ಜನ ಎದ್ದು ಹೋಗುತ್ತಾರೆ ಎಂದು ಯೂಟ್ಯೂಬಿನ ಗೆರೆಚಿತ್ರ ತೋರಿಸಿತು. ಕಿರು ವಿಡಿಯೊಗಳಿಗೆ ಆಲಾಪ ಕತ್ತರಿಸಿದೆ. ಪೂರ್ತಿ ಹಾಡಿನಿಂದ ಕತ್ತರಿಸಲಿಲ್ಲ, ಕತ್ತರಿಸುವುದೂ ಇಲ್ಲ. ಹೋಗುವವರು ಹೋಗಲಿ.

ಕಳೆದ ನವೆಂಬರಿನಲ್ಲಿ ಹಳ್ಳಿ ಶಾಲೆಯೊಂದರ ಮೇಷ್ಟರಮ್ಮ ಸಂದೇಶ ಕಳುಹಿಸಿದರು. ಮಕ್ಕಳು ನನ್ನ ಮಳೆಯ ಹಾಡಿಗೆ ಕುಣಿದ ವಿಡಿಯೊ ಶಾಲೆಯ ಚಾನೆಲ್ಲಿಗೆ ಹಾಕಿದ್ದರಂತೆ. ‘ಸರ್, ಹಕ್ಕುಸ್ವಾಮ್ಯದ ನೋಟಿಸ್ ಬಂದಿದೆ. ನಾವೇನಾದರೂ ತಪ್ಪು ಮಾಡಿದೆವೇ? ತೆಗೆದುಬಿಡಲೇ?’ ನೋಟಿಸ್ ಕಳುಹಿಸಿದ ಭೂಪ ಯಾರೆಂದು ನೋಡಿದರೆ ನಾನೇ. ಹಾಡು ಬಿಡುಗಡೆ ಮಾಡುವಾಗ ಕಂಟೆಂಟ್ ಐಡಿ ಎಂಬ ಚೌಕಕ್ಕೆ ಗುರುತು ಹಾಕಿ ಮರೆತಿದ್ದೆ. ಶಾಲೆಯ ಸಮಾರಂಭದಲ್ಲಿ ಹಾಡಿಗೆ ಕುಣಿಯಲು ಕಾನೂನಿನಲ್ಲೇ ರಿಯಾಯಿತಿ ಇದೆ. ಅದನ್ನು ಚಿತ್ರೀಕರಿಸಿ ಏರಿಸಿದರೆ ಯಂತ್ರಕ್ಕೆ ಆ ರಿಯಾಯಿತಿ ಕಾಣಿಸುವುದಿಲ್ಲ. ವಿತರಣಾ ಸಂಸ್ಥೆಗೆ ಬರೆದು ಕ್ಲೇಮ್ ತೆಗೆಸುವ ಹೊತ್ತಿಗೆ ಹನ್ನೊಂದು ದಿನ ಕಳೆಯಿತು.

ಆ ದಿನಗಳಲ್ಲಿ ವಿಡಿಯೊವನ್ನು ಹಲವು ಸಲ ನೋಡಿದೆ. ನನ್ನ ಕ್ಲೇಮ್ ಇದ್ದದ್ದು 0:09ರಿಂದ 1:48ರವರೆಗೆ. 1:48ಕ್ಕೆ ಕರೆಂಟು ಹೋಗಿ ಸ್ಪೀಕರ್ ನಿಂತುಬಿಡುತ್ತದೆ. ಮಕ್ಕಳು ಎರಡು ಹೆಜ್ಜೆ ತಡವರಿಸಿ, ಒಬ್ಬಳು ಶುರುಮಾಡಿದ ಮೇಲೆ ಎಲ್ಲರೂ ತಾವೇ ಹಾಡಿಕೊಂಡು ಕುಣಿಯತೊಡಗುತ್ತಾರೆ, ಮೇಷ್ಟರಮ್ಮನ ಚಪ್ಪಾಳೆಯ ತಾಳಕ್ಕೆ. ಶ್ರುತಿ ಎಲ್ಲೋ, ಹಾಡು ಎಲ್ಲೋ. ಆ ಭಾಗದ ಮೇಲೆ ಯಂತ್ರ ಯಾವ ಹಕ್ಕನ್ನೂ ಹೇಳಿರಲಿಲ್ಲ.

ಕವಿಗಳಿಗೆ ಅದನ್ನು ವಾಟ್ಸಾಪ್ ಮಾಡಿದೆ. ರಾತ್ರಿ ಉತ್ತರ ಬಂತು: ‘ಮಳೆ ಎಂದಿರಬೇಕಾದಲ್ಲಿ ಎರಡು ಸಲ ಹೊಳೆ ಎಂದಿದ್ದಾರೆ. ಇರಲಿ ಬಿಡಿ, ಹಾಗೇ ಚೆನ್ನಾಗಿದೆ.’